ಮುಹಮ್ಮದ್ ಅಲಿ: ಬಿಡುವಿನ ನಂತರ ಅಖಾಡಕ್ಕೆ ಮರಳಿದ ಹಾದಿ

ಮುಹಮ್ಮದ್ ಅಲಿಯವರ ಹೆಸರು ನಮ್ಮ ಪ್ರವಚನಗಳಲ್ಲಿ, ಯುವಜನರ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ವಿಯೆಟ್ನಾಂ ಯುದ್ಧಕ್ಕೆ ಹೋಗಲು ನಿರಾಕರಿಸಿ ಅವರು ವಿಶ್ವ ಹೆವಿವೇಟ್ ಕಿರೀಟವನ್ನೇ ಕಳೆದುಕೊಂಡ ಸಂಗತಿಯನ್ನು ನಾವು ಅಭಿಮಾನದಿಂದ ಹೇಳುತ್ತೇವೆ. ಸತ್ಯಕ್ಕಾಗಿ ಕಿರೀಟವನ್ನು ಬಿಟ್ಟರು, ಕೆಲವು ಕಾಲದ ಬಳಿಕ ಅಲ್ಲಾಹನು ಅದನ್ನು ಅವರಿಗೆ ಮರಳಿ ಕೊಟ್ಟನು ಎಂದು ಎರಡೇ ಮಾತುಗಳಲ್ಲಿ ಕಥೆ ಮುಗಿದುಹೋಗುತ್ತದೆ. ಆದರೆ ಆ ಎರಡು ಮಾತುಗಳ ನಡುವೆ ಏಳೂವರೆ ವರ್ಷಗಳಿವೆ. ಆ ವರ್ಷಗಳಲ್ಲಿ ಒಬ್ಬ ಮನುಷ್ಯನ ದೇಹ ಏನನ್ನು ಕಳೆದುಕೊಂಡಿತು, ಏನನ್ನು ಹೊಸದಾಗಿ ಕಲಿಯಿತು, ಅದಕ್ಕೆ ಎಂತಹ ಬೆಲೆ ತೆತ್ತಿತು ಎಂಬುದನ್ನು ನಾವು ಅಷ್ಟಾಗಿ ವಿಚಾರಿಸುವುದಿಲ್ಲ. ಈ ಲೇಖನದಲ್ಲಿ ಅದನ್ನೇ ವಿಚಾರಿಸಲು ಬಯಸುತ್ತೇವೆ. ಏಕೆಂದರೆ ಬಿಟ್ಟುಹೋದ ಒಂದು ಅಭ್ಯಾಸಕ್ಕೆ ದೀರ್ಘಕಾಲದ ನಂತರ ಮರಳುವುದು ಕ್ರೀಡಾಪಟುವಿಗೆ ಮಾತ್ರ ಒದಗುವ ಪರೀಕ್ಷೆಯಲ್ಲ.

ಅಲಿ 1942ರ ಜನವರಿ 17ರಂದು ಅಮೆರಿಕದ ಕೆಂಟಕಿ ಸಂಸ್ಥಾನದ ಲೂಯಿವಿಲ್ ನಗರದಲ್ಲಿ ಜನಿಸಿದರು. ಆಗ ಅವರ ಹೆಸರು ಕ್ಯಾಸಿಯಸ್ ಕ್ಲೇ. 1960ರಲ್ಲಿ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನದ ಪದಕ ಪಡೆದರು. 1964ರ ಫೆಬ್ರವರಿ 25ರಂದು ಸನ್ನಿ ಲಿಸ್ಟನ್ ಅವರನ್ನು ಸೋಲಿಸಿ ವಿಶ್ವ ವಿಜೇತರಾದರು. ಅದರ ಬೆನ್ನಲ್ಲೇ ತಾವು ‘ನೇಷನ್ ಆಫ್ ಇಸ್ಲಾಂ’ ಸಂಘಟನೆಗೆ ಸೇರಿರುವುದಾಗಿ ಪ್ರಕಟಿಸಿದರು. ಮುಹಮ್ಮದ್ ಅಲಿ ಎಂಬ ಹೆಸರು ಬಂದದ್ದು ಆಗಲೇ. ಆ ಸಂಘಟನೆಯ ಹಲವು ನಂಬಿಕೆಗಳು ಇಸ್ಲಾಮಿನ ಮೂಲ ವಿಶ್ವಾಸಕ್ಕೆ ಹೊಂದುವಂಥವಲ್ಲ ಎಂಬುದನ್ನು ನಾವು ಮರೆಮಾಚಬೇಕಾಗಿಲ್ಲ. 1975ರಲ್ಲಿ ಎಲೈಜಾ ಮುಹಮ್ಮದರು ತೀರಿಕೊಂಡ ಬಳಿಕ ಅವರ ಪುತ್ರ ವಾರಿಸುದ್ದೀನ್ ಮುಹಮ್ಮದರು ಅನುಯಾಯಿಗಳನ್ನು ಸುನ್ನತ್‌ನ ಹಾದಿಗೆ ತಂದರು. ಅಲಿಯೂ ಅವರೊಂದಿಗೆ ನಡೆದರು. ಆದುದರಿಂದ ನಾವು ಹೇಳಹೊರಟಿರುವುದು ಸತ್ಯವನ್ನು ಹಂತಹಂತವಾಗಿ ತಲುಪಿದ ಒಬ್ಬ ಮನುಷ್ಯನ ಕಥೆ.

1967ರ ಮಾರ್ಚ್ 22ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅವರು ಜೋರಾ ಫೋಲಿಯವರನ್ನು 7ನೆಯ ಸುತ್ತಿನಲ್ಲಿ ಸೋಲಿಸಿದರು. ಅದು ಅವರ 29ನೆಯ ವೃತ್ತಿಪರ ಪಂದ್ಯ, 29ನೆಯ ಗೆಲುವು. ಆಗ ಅವರಿಗೆ 25 ವರ್ಷ. ಆರು ವಾರವೂ ಕಳೆಯಲಿಲ್ಲ, ಏಪ್ರಿಲ್ 28ರಂದು ಹ್ಯೂಸ್ಟನ್ ನಗರದ ಸೇನಾ ಭರ್ತಿ ಕೇಂದ್ರದಲ್ಲಿ ಅವರ ಹಳೆಯ ಹೆಸರನ್ನು ಕೂಗಿದಾಗ ಅವರು ಒಂದು ಹೆಜ್ಜೆ ಮುಂದೆ ಬರಲಿಲ್ಲ. ಅದೇ ದಿನ ನ್ಯೂಯಾರ್ಕಿನ ಕ್ರೀಡಾ ಆಯೋಗ ಅವರ ಪರವಾನಗಿಯನ್ನು ತಡೆಹಿಡಿಯಿತು. ಕಿರೀಟವೂ ಹೋಯಿತು. ಜೂನ್ 20ರಂದು ನ್ಯಾಯಾಲಯ ಅವರಿಗೆ 5 ವರ್ಷ ಸೆರೆವಾಸ ಮತ್ತು 10,000 ಡಾಲರ್ ದಂಡ ವಿಧಿಸಿತು. ಮೇಲ್ಮನವಿ ಸಲ್ಲಿಸಿ ಸೆರೆಮನೆಯ ಹೊರಗೆ ಉಳಿದರೂ ಪಾಸ್‌ಪೋರ್ಟ್ ಕೈತಪ್ಪಿತು. ಹೊರದೇಶಕ್ಕೆ ಹೋಗಿ ಆಡುವ ಬಾಗಿಲೂ ಹೀಗೆ ಮುಚ್ಚಿತು.

ಆ ಬಿಡುವು 43 ತಿಂಗಳು ನಡೆಯಿತು. ಕಾಲೇಜುಗಳಿಗೆ ಹೋಗಿ ಉಪನ್ಯಾಸ ನೀಡಿ ಅವರು ಸಂಸಾರ ನಡೆಸಿದರು. 1969ರ ಡಿಸೆಂಬರ್‌ನಲ್ಲಿ ಬ್ರಾಡ್‌ವೇಯ ಒಂದು ಸಂಗೀತ ನಾಟಕದಲ್ಲೂ ನಟಿಸಿದರು. ಆ ನಾಟಕ ಕೆಲವೇ ಪ್ರದರ್ಶನಗಳಲ್ಲಿ ನಿಂತುಹೋಯಿತು. ಅದೇ ವರ್ಷ ಹಣದ ಅಗತ್ಯ ಬಿದ್ದರೆ ಬಾಕ್ಸಿಂಗ್‌ಗೆ ಮರಳುವೆನೆಂದು ಅವರು ಹೇಳಿದ್ದಕ್ಕೆ ಎಲೈಜಾ ಮುಹಮ್ಮದರು ಸಂಘಟನೆಯಿಂದ ಅವರನ್ನು ಒಂದು ವರ್ಷ ದೂರವಿಟ್ಟರು. ಸರಕಾರ ಒಂದು ಕಡೆಯಿಂದ ದೂಡಿದಾಗ, ಅವರು ಆಶ್ರಯವೆಂದು ನಂಬಿದವರೂ ಇನ್ನೊಂದು ಕಡೆಯಿಂದ ದೂಡಿದರು. ಸಹನೆಯನ್ನು ಕುರಿತು ನಾವು ಮಾತನಾಡುವಾಗ ಈ ಎರಡನೆಯ ಗಾಯವನ್ನೂ ನೆನೆಯಬೇಕು.

ಇಷ್ಟು ದೀರ್ಘ ಬಿಡುವು ಬಾಕ್ಸರನೊಬ್ಬನ ದೇಹಕ್ಕೆ ಏನು ಮಾಡುತ್ತದೆ? ಬಾಕ್ಸಿಂಗ್‌ನಲ್ಲಿ ಒಂದು ಸುತ್ತು 3 ನಿಮಿಷಗಳದ್ದು. ಎರಡು ಸುತ್ತುಗಳ ನಡುವೆ ಸಿಗುವ ವಿಶ್ರಾಂತಿ 1 ನಿಮಿಷ ಮಾತ್ರ. ಅಂದಿನ ಕಿರೀಟದ ಪಂದ್ಯಗಳು 15 ಸುತ್ತುಗಳವರೆಗೆ ನಡೆಯುತ್ತಿದ್ದವು. ಅದಕ್ಕಾಗಿ ಬೆಳಗಿನ ಓಟ, ಹಗ್ಗ ಜಿಗಿತ, ತೂಗುಚೀಲಕ್ಕೆ ಗುದ್ದುವ ಅಭ್ಯಾಸ, ಜೊತೆಗಾರರೊಂದಿಗೆ ರಿಂಗಿನೊಳಗೆ ಸೆಣಸುವ ಅಭ್ಯಾಸ, ಇವೆಲ್ಲವೂ ದಿನಚರಿಯಾಗಬೇಕು. ಅಭ್ಯಾಸ ನಿಂತೊಡನೆ ಮೊದಲು ಹೋಗುವುದು ಉಸಿರಿನ ಬಲ. ತೋಳಿನ ಶಕ್ತಿ ಇನ್ನಷ್ಟು ಕಾಲ ಉಳಿಯುತ್ತದೆ. ಆದುದರಿಂದಲೇ ಬಿಡುವಿನ ನಂತರ ಮರಳಿದವನು ಮೊದಲ ದಿನ ಚೀಲಕ್ಕೆ ಜೋರಾಗಿ ಗುದ್ದಿ, ತಾನು ಹಿಂದಿನಂತೆಯೇ ಇದ್ದೇನೆಂದು ಭ್ರಮಿಸುತ್ತಾನೆ. ಎರಡನೆಯ ಸುತ್ತಿನಲ್ಲಿ ಉಸಿರು ಅವನಿಗೆ ಸತ್ಯ ಹೇಳುತ್ತದೆ. ಇವೆಲ್ಲಕ್ಕಿಂತ ಸೂಕ್ಷ್ಮವಾದುದು ಅಂತರದ ಅಳತೆ. ಎದುರಾಳಿಯ ಮುಷ್ಟಿ ಎಷ್ಟು ದೂರದಲ್ಲಿದೆ, ಯಾವ ಕ್ಷಣದಲ್ಲಿ ತಲೆ ಸರಿಸಬೇಕು ಎಂಬ ಅರಿವು ಓಟದಿಂದಲೋ ಭಾರ ಎತ್ತುವುದರಿಂದಲೋ ಬರುವುದಿಲ್ಲ. ಅದು ರಿಂಗಿನೊಳಗೆ ಮಾತ್ರ ಸಿದ್ಧಿಸುತ್ತದೆ, ರಿಂಗಿನಿಂದ ದೂರವಾದರೆ ಮಾಸುತ್ತದೆ. ಅಲಿಯವರ ಕಲೆ ನಿಂತದ್ದೇ ಈ ಅಳತೆಯ ಮೇಲೆ. ಕೈಗಳನ್ನು ಸೊಂಟದ ಮಟ್ಟಕ್ಕೆ ಇಳಿಬಿಟ್ಟು, ತಲೆಯನ್ನು ಕೂದಲೆಳೆಯಷ್ಟು ಹಿಂದೆ ಸರಿಸಿ, ಕಾಲುಗಳ ವೇಗದಿಂದ ಪಾರಾಗುವುದು ಅವರ ರೀತಿಯಾಗಿತ್ತು. ಬಿಡುವು ಏಟು ಹಾಕಿದ್ದು ಆ ಕಾಲುಗಳಿಗೆ, ಆ ಅಳತೆಗೆ.

ಮರಳುವ ಬಾಗಿಲು ಮೊದಲು ತೆರೆದದ್ದು ಅಟ್ಲಾಂಟಾದಲ್ಲಿ. ಜಾರ್ಜಿಯಾ ಸಂಸ್ಥಾನದಲ್ಲಿ ಬಾಕ್ಸಿಂಗ್ ಆಯೋಗವೇ ಇರಲಿಲ್ಲ. ಆಯೋಗವಿಲ್ಲದಿದ್ದರೆ ಪರವಾನಗಿ ನಿರಾಕರಿಸುವವರಾದರೂ ಯಾರು? ಅಲ್ಲಿನ ಕಪ್ಪು ಜನಾಂಗದ ಸೆನೆಟ್ ಸದಸ್ಯ ಲಿರಾಯ್ ಜಾನ್ಸನ್ ಈ ಅವಕಾಶವನ್ನು ಬಳಸಿಕೊಂಡರು. ಗವರ್ನರ್ ವಿರೋಧಿಸಿದರೂ ತಡೆಯಲಾಗಲಿಲ್ಲ. ಮಯಾಮಿಯಲ್ಲಿ ತಮ್ಮ ಹಳೆಯ ತರಬೇತುದಾರ ಆಂಜೆಲೊ ಡಂಡಿಯವರ ಬಳಿ ಅಲಿ ಅಭ್ಯಾಸ ಆರಂಭಿಸಿದರು. ಸೆಪ್ಟೆಂಬರ್‌ನಲ್ಲಿ ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನಲ್ಲಿ ಒಂದು ಪ್ರದರ್ಶನ ಪಂದ್ಯವನ್ನೂ ಆಡಿದರು. 1970ರ ಅಕ್ಟೋಬರ್ 26ರಂದು ಜೆರ್ರಿ ಕ್ವಾರಿಯವರ ವಿರುದ್ಧ ರಿಂಗಿಗಿಳಿದಾಗ ಅವರಿಗೆ 28 ವರ್ಷ. ಕ್ವಾರಿಯವರ ಕಣ್ಣಿನ ಮೇಲೆ ಗಾಯವಾದುದರಿಂದ 3 ಸುತ್ತುಗಳ ನಂತರ ಪಂದ್ಯ ನಿಂತಿತು. ಅಲಿ ಗೆದ್ದಿದ್ದರು. ಅವರು ಮತ್ತೆ ಹಳೆಯ ಅಲಿಯೇ ಆದರೆಂದು ಜನರು ಸಂಭ್ರಮಿಸಿದರು.

ಆದರೆ 3 ಸುತ್ತುಗಳು ಯಾರ ಉಸಿರನ್ನೂ ಪೂರ್ತಿ ಪರೀಕ್ಷಿಸುವುದಿಲ್ಲ. ಈ ನಡುವೆ ನ್ಯೂಯಾರ್ಕಿನ ನ್ಯಾಯಾಲಯವೂ ಅವರ ಪರವಾಗಿ ತೀರ್ಪು ನೀಡಿತ್ತು. ಗಂಭೀರ ಅಪರಾಧ ಮಾಡಿದ ಅನೇಕರಿಗೆ ಪರವಾನಗಿ ಕೊಟ್ಟಿದ್ದ ಆಯೋಗ ಇವರೊಬ್ಬರಿಗೆ ಮಾತ್ರ ನಿರಾಕರಿಸಿದ್ದು ಅನ್ಯಾಯವೆಂದು ಅಲ್ಲಿ ಸಾಬೀತಾಯಿತು. ಆರು ವಾರಗಳ ಬಳಿಕ, ಡಿಸೆಂಬರ್ 7ರಂದು, ಆಸ್ಕರ್ ಬೊನವೆನಾ ಅವರನ್ನು ಮಣಿಸಲು ಅಲಿಗೆ 15ನೆಯ ಸುತ್ತಿನವರೆಗೆ ಹೋಗಬೇಕಾಯಿತು. ಮತ್ತೆ ಮೂರು ತಿಂಗಳಿಗೆ, 1971ರ ಮಾರ್ಚ್ 8ರಂದು, ಸೋಲನ್ನೇ ಕಾಣದಿದ್ದ ಜೋ ಫ್ರೇಜಿಯರ್ ಎದುರು ನಿಂತರು. ಇಷ್ಟೇಕೆ ಅವಸರ ಎಂದು ಕೇಳಬಹುದು. ಸುಪ್ರೀಂ ಕೋರ್ಟಿನಲ್ಲಿ ಮೊಕದ್ದಮೆ ಬಾಕಿಯಿತ್ತು. ತೀರ್ಪು ವಿರುದ್ಧವಾದರೆ ರಿಂಗಿನಿಂದ ನೇರವಾಗಿ ಸೆರೆಮನೆಗೆ ಹೋಗಬೇಕು. ದೇಹ ಕಾಲಾವಕಾಶ ಬೇಡುತ್ತಿತ್ತು, ಪರಿಸ್ಥಿತಿ ಅದನ್ನು ಕೊಡಲಿಲ್ಲ. ಆ ರಾತ್ರಿ 15ನೆಯ ಸುತ್ತಿನಲ್ಲಿ ಫ್ರೇಜಿಯರ್ ಅವರ ಎಡಗೈ ಹುಕ್ ಅಲಿಯವರನ್ನು ನೆಲಕ್ಕೆ ಕೆಡವಿತು. ಅವರು ಕೂಡಲೇ ಎದ್ದು ನಿಂತರು. ಆದರೆ ಮೂವರು ತೀರ್ಪುಗಾರರೂ ಫ್ರೇಜಿಯರ್ ಗೆದ್ದರೆಂದು ಹೇಳಿದರು. ವೃತ್ತಿಪರ ಜೀವನದಲ್ಲಿ ಅದು ಅಲಿಯವರ ಮೊದಲ ಸೋಲು. ಮೂರೂವರೆ ತಿಂಗಳ ಬಳಿಕ, ಜೂನ್ 28ರಂದು, ಸುಪ್ರೀಂ ಕೋರ್ಟ್ 8-0 ಮತಗಳಿಂದ ಅವರ ಶಿಕ್ಷೆಯನ್ನು ರದ್ದುಪಡಿಸಿತು. ಕಾನೂನು ಅವರ ಹಕ್ಕನ್ನು ಮರಳಿಸಿತು. ಕಳೆದ ವರ್ಷಗಳನ್ನು ಮರಳಿಸುವುದು ಯಾವ ನ್ಯಾಯಾಲಯಕ್ಕೂ ಸಾಧ್ಯವಿರಲಿಲ್ಲ.

ಅಲಿಯವರ ನಿಜವಾದ ಮರಳುವಿಕೆ ಈ ಸೋಲಿನ ನಂತರ ಆರಂಭವಾಯಿತೆಂದು ನಾವು ಭಾವಿಸುತ್ತೇವೆ. 1971ರ ಜುಲೈಯಿಂದ 1974ರ ಜನವರಿಯವರೆಗೆ ಅವರು 14 ಪಂದ್ಯಗಳನ್ನು ಆಡಿದರು. ಅವುಗಳಲ್ಲಿ ಒಂದೂ ವಿಶ್ವ ಕಿರೀಟದ ಪಂದ್ಯವಲ್ಲ. ಜ್ಯೂರಿಕ್, ಟೋಕಿಯೊ, ವ್ಯಾಂಕೂವರ್, ಡಬ್ಲಿನ್, ಜಕಾರ್ತ ಎಂದು ಊರೂರು ಸುತ್ತಿದರು. ವಿಶ್ವ ವಿಜೇತನಾಗಿದ್ದವನು ಸರದಿಯ ಕೊನೆಗೆ ಹೋಗಿ ನಿಂತು, ಒಂದೊಂದೇ ಹೆಜ್ಜೆ ಮುಂದೆ ಬರುವುದೆಂದರೆ ಅಹಂಕಾರಕ್ಕೆ ಎಂತಹ ಪೆಟ್ಟು ಎಂಬುದನ್ನು ಊಹಿಸಬೇಕು. 1972ರಲ್ಲಿ ಅವರು ಹಜ್ಜ್ ನಿರ್ವಹಿಸಿದರು. ಅದೇ ವರ್ಷ ಪೆನ್ಸಿಲ್ವೇನಿಯಾದ ಡಿಯರ್ ಲೇಕ್ ಎಂಬಲ್ಲಿ ಬೆಟ್ಟದ ಮೇಲೆ ಮರದ ದಿಮ್ಮಿಗಳ ಮನೆಗಳನ್ನು ಕಟ್ಟಿಸಿ ಸ್ವಂತ ತರಬೇತಿ ಶಿಬಿರವನ್ನು ಮಾಡಿಕೊಂಡರು. ಬೆಳಕು ಹರಿಯುವ ಮುನ್ನ ಏರುದಾರಿಯಲ್ಲಿ ಓಟ, ಕೊಡಲಿಯಿಂದ ಮರ ಕಡಿಯುವುದು, ಬಳಿಕ ರಿಂಗು. ಹಿಂದಿನ ಮಹಾನ್ ಬಾಕ್ಸರ್‌ಗಳ ಹೆಸರುಗಳನ್ನು ಅಲ್ಲಿನ ಬಂಡೆಗಳ ಮೇಲೆ ಬರೆಸಿದ್ದರು. ನಮಾಝ್‌ಗೆಂದು ಒಂದು ಪುಟ್ಟ ಕಟ್ಟಡವೂ ಅಲ್ಲಿತ್ತು. 1973ರ ಮಾರ್ಚ್ 31ರಂದು ಕೆನ್ ನಾರ್ಟನ್ ಅವರ ಹೊಡೆತಕ್ಕೆ ದವಡೆ ಮುರಿಯಿತು, ಪಂದ್ಯವೂ ಕೈತಪ್ಪಿತು. ಆರು ತಿಂಗಳೊಳಗೆ ಅದೇ ನಾರ್ಟನ್ ಅವರನ್ನು ಸೋಲಿಸಿದರು. 1974ರ ಜನವರಿಯಲ್ಲಿ ಫ್ರೇಜಿಯರ್ ಅವರನ್ನೂ ಸೋಲಿಸಿದರು.

ಅದೇ ವರ್ಷದ ಅಕ್ಟೋಬರ್ 30ರಂದು ಝೈರ್ ದೇಶದ ಕಿನ್ಶಾಸಾದಲ್ಲಿ ಅವರೆದುರು ನಿಂತವರು ಜಾರ್ಜ್ ಫೋರ್‌ಮನ್. ಫ್ರೇಜಿಯರ್ ಮತ್ತು ನಾರ್ಟನ್ ಇಬ್ಬರನ್ನೂ ಎರಡೆರಡು ಸುತ್ತುಗಳಲ್ಲಿ ಮುಗಿಸಿದ್ದ ಫೋರ್‌ಮನ್‌ಗೆ ಆಗ 25 ವರ್ಷ, ಅಂದರೆ ಕಿರೀಟ ಕಳೆದುಕೊಂಡಾಗ ಅಲಿಗಿದ್ದ ವಯಸ್ಸು. ಅಲಿಗೆ 32. ಕುಣಿಯುತ್ತಾ ತಪ್ಪಿಸಿಕೊಳ್ಳುವ ಕಾಲುಗಳು ಇನ್ನು ಮರಳಿ ಬಾರವೆಂಬುದನ್ನು ಅಲಿ ಅರಿತಿದ್ದರು. ಅವರು ಹಗ್ಗಕ್ಕೆ ಒರಗಿ, ತೋಳುಗಳಿಂದ ಮುಖವನ್ನು ಮರೆಮಾಡಿಕೊಂಡು, ಎದುರಾಳಿಯು ಗುದ್ದಿ ಗುದ್ದಿ ದಣಿಯಲೆಂದು ಕಾದರು. 8ನೆಯ ಸುತ್ತಿನಲ್ಲಿ ಫೋರ್‌ಮನ್ ನೆಲಕ್ಕುರುಳಿದರು. ಅಟ್ಲಾಂಟಾದ ಆ ಪಂದ್ಯದಿಂದ ಇಲ್ಲಿಗೆ ನಾಲ್ಕು ವರ್ಷ ನಾಲ್ಕು ದಿನ ಕಳೆದಿದ್ದವು. ಮೂರೂವರೆ ವರ್ಷದ ಬಿಡುವನ್ನು ತುಂಬಲು ನಾಲ್ಕು ವರ್ಷದ ದುಡಿಮೆ ಬೇಕಾಯಿತು. ತುಂಬಿದ ಮೇಲೂ ಹಳೆಯದು ಮರಳಿ ಬರಲಿಲ್ಲ. ಉಳಿದದ್ದನ್ನು ಬಳಸಿಕೊಂಡು ಹೊಸದೊಂದನ್ನು ಕಟ್ಟಿಕೊಂಡಾಗ ಮಾತ್ರ ಗೆಲುವು ಬಂತು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸುಂದರವಾಗಿರುತ್ತದೆ. ಆದರೆ ಇತಿಹಾಸ ಇಲ್ಲಿಗೆ ನಿಲ್ಲಲಿಲ್ಲ. ಅಲಿಯವರ ವೈದ್ಯರಾಗಿದ್ದ ಫರ್ಡಿ ಪಚೆಕೊ ಅವರ ಅಭಿಪ್ರಾಯವನ್ನು ಗಮನಿಸಬೇಕು. ಬಿಡುವಿಗೆ ಮುಂಚೆ ಎದುರಾಳಿಗಳ ಹೊಡೆತ ಅಲಿಯವರನ್ನು ತಲುಪುವುದೇ ವಿರಳವಾಗಿತ್ತು. ಮರಳಿದ ಮೇಲೆ ಕಾಲುಗಳು ಸೋತು ಹೊಡೆತಗಳು ತಲುಪತೊಡಗಿದಾಗ, ತಾನು ಹೊಡೆತವನ್ನು ತಾಳಿಕೊಳ್ಳಬಲ್ಲೆನೆಂಬುದು ಅವರಿಗೆ ತಿಳಿಯಿತು. ಆ ತಿಳಿವೇ ಅವರಿಗೆ ಶತ್ರುವಾಯಿತು. ಅಭ್ಯಾಸದಲ್ಲೂ ಹಗ್ಗಕ್ಕೆ ಒರಗಿ ಜೊತೆಗಾರರಿಂದ ಗುದ್ದಿಸಿಕೊಳ್ಳುವುದು ರೂಢಿಯಾಯಿತು. ಲೆಕ್ಕವನ್ನೇ ನೋಡಿ. ಬಿಡುವಿಗೆ ಮುಂಚಿನ 29 ಪಂದ್ಯಗಳಲ್ಲಿ ಒಂದೂ ಸೋಲಿಲ್ಲ. ನಂತರದ 32 ಪಂದ್ಯಗಳಲ್ಲಿ 5 ಸೋಲುಗಳಿವೆ. ಸೋಲುಗಳ ಲೆಕ್ಕ ದೊರೆಯುತ್ತದೆ. ತಲೆಗೆ ಬಿದ್ದ ಪೆಟ್ಟುಗಳ ಲೆಕ್ಕ ಇಟ್ಟವರಾರು?

ಶರೀಅತ್‌ನ ಪ್ರಶ್ನೆಯನ್ನು ನಾವು ಇಲ್ಲಿ ತಪ್ಪಿಸಿಕೊಳ್ಳುವಂತಿಲ್ಲ. ಮುಖಕ್ಕೆ ಹೊಡೆಯುವುದನ್ನು ಪ್ರವಾದಿ(ಸ) ನಿಷೇಧಿಸಿದ್ದಾರೆಂಬುದು ಸಹೀಹ್ ಹದೀಸ್‌ಗಳಿಂದ ತಿಳಿದಿರುವ ವಿಷಯ. ಮಕ್ಕಾದ ರಾಬಿತತುಲ್ ಆಲಮಿಲ್ ಇಸ್ಲಾಮಿಯ ಅಧೀನದಲ್ಲಿರುವ ಫಿಕ್ಹ್ ಪರಿಷತ್ತು 1987ರಲ್ಲಿ ನಡೆದ ತನ್ನ 10ನೆಯ ಅಧಿವೇಶನದಲ್ಲಿ ಬಾಕ್ಸಿಂಗ್ ಸ್ಪರ್ಧೆಯನ್ನು ನಿಷಿದ್ಧವೆಂದು ನಿರ್ಣಯಿಸಿತು. ಎದುರಾಳಿಗೆ ತೀವ್ರ ಗಾಯ ಮಾಡುವುದನ್ನೇ ಗೆಲುವೆಂದು ಎಣಿಸುವ ಆಟಕ್ಕೆ ಇಸ್ಲಾಂ ಒಪ್ಪುವುದಿಲ್ಲವೆಂಬುದು ಅದರ ಸಾರ. ಹಾಗಾದರೆ ಅಲಿಯವರನ್ನು ನಾವು ಗೌರವಿಸುವುದು ಹೇಗೆ? ಅವರ ನಿರಾಕರಣೆಯನ್ನು, ಸಹನೆಯನ್ನು, ದುರ್ಬಲರ ಮೇಲಿನ ಕರುಣೆಯನ್ನು ಗೌರವಿಸುತ್ತೇವೆ. ಹೊಡೆದಾಟವನ್ನು ಮಾದರಿಯಾಗಿ ಮಾಡಿಕೊಳ್ಳುವುದಿಲ್ಲ. ಆದರೆ ಓಟ, ಹಗ್ಗ ಜಿಗಿತ, ಚೀಲಕ್ಕೆ ಗುದ್ದುವ ಅಭ್ಯಾಸ ಮುಂತಾದ ದೇಹಸಾಧನೆಗೆ ಈ ಆಕ್ಷೇಪವಿಲ್ಲ. ಬಲಿಷ್ಠನಾದ ಸತ್ಯವಿಶ್ವಾಸಿಯು ದುರ್ಬಲನಿಗಿಂತ ಅಲ್ಲಾಹನಿಗೆ ಹೆಚ್ಚು ಪ್ರಿಯನೆಂದೂ, ಇಬ್ಬರಲ್ಲೂ ಒಳಿತಿದೆಯೆಂದೂ ಪ್ರವಾದಿ(ಸ) ಕಲಿಸಿದ್ದಾರೆ. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆಯೆಂದು ಎಚ್ಚರಿಸಿದವರೂ ಅವರೇ. ದೇಹವು ನಮ್ಮ ಸೊತ್ತಲ್ಲ, ಅದು ಅಮಾನತ್. ಒಡೆಯನು ಕೇಳುವಾಗ ಲೆಕ್ಕ ಒಪ್ಪಿಸಬೇಕಾದ ವಸ್ತು.

ಅಲಿಯವರ ಎರಡನೆಯ ಮರಳುವಿಕೆಯನ್ನು ಈ ಬೆಳಕಿನಲ್ಲಿ ನೋಡಬೇಕು. 1978ರ ಸೆಪ್ಟೆಂಬರ್ 15ರಂದು ಲಿಯಾನ್ ಸ್ಪಿಂಕ್ಸ್ ಅವರಿಂದ ಕಿರೀಟವನ್ನು ಮರಳಿ ಪಡೆದು ಅವರು ಮೂರನೆಯ ಬಾರಿ ವಿಶ್ವ ವಿಜೇತರಾದರು. ಮರುವರ್ಷ ನಿವೃತ್ತಿ ಘೋಷಿಸಿದರು. 1980ರ ಆರಂಭದಲ್ಲಿ ಭಾರತಕ್ಕೂ ಬಂದು, ಮದ್ರಾಸಿನಲ್ಲಿ ಜಿಮ್ಮಿ ಎಲ್ಲಿಸ್ ಅವರೊಂದಿಗೆ ಪ್ರದರ್ಶನ ಪಂದ್ಯ ಆಡಿದರು. ಗೌರವದೊಂದಿಗೆ ದೂರ ಉಳಿಯಲು ಎಲ್ಲ ಅನುಕೂಲಗಳೂ ಇದ್ದವು. ಆದರೂ ಅದೇ ವರ್ಷ, 38ನೆಯ ವಯಸ್ಸಿನಲ್ಲಿ, ಲ್ಯಾರಿ ಹೋಮ್ಸ್ ವಿರುದ್ಧ ಆಡಲು ಒಪ್ಪಿದರು. ಹೋಮ್ಸ್ ಒಂದು ಕಾಲದಲ್ಲಿ ಅವರ ಅಭ್ಯಾಸದ ಜೊತೆಗಾರರಾಗಿದ್ದವರು. ಅಲಿ ವೇಗವಾಗಿ ತೂಕ ಇಳಿಸಿದರು, ಥೈರಾಯ್ಡ್ ಮಾತ್ರೆ ಸೇವಿಸಿದರು, ನರೆತ ಕೂದಲಿಗೆ ಕಪ್ಪು ಹಚ್ಚಿದರು. ನೋಡಿದವರಿಗೆ ಅವರು ಹತ್ತು ವರ್ಷ ಚಿಕ್ಕವರಂತೆ ಕಂಡರು. ಹೊರಗಿನ ರೂಪ ಮರಳಿತ್ತು, ಒಳಗಿನ ಬಲ ಮರಳಿರಲಿಲ್ಲ. ಅಕ್ಟೋಬರ್ 2ರಂದು ಲಾಸ್ ವೇಗಸ್‌ನಲ್ಲಿ 10 ಸುತ್ತುಗಳ ಕಾಲ ಅವರು ಬಹುತೇಕ ಹೊಡೆಸಿಕೊಂಡೇ ನಿಂತರು. ಕೊನೆಗೆ ಡಂಡಿಯವರೇ ಪಂದ್ಯ ನಿಲ್ಲಿಸಿದರು. 1981ರ ಡಿಸೆಂಬರ್‌ನಲ್ಲಿ ಬಹಾಮಾಸ್‌ನಲ್ಲಿ ಟ್ರೆವರ್ ಬರ್ಬಿಕ್ ವಿರುದ್ಧ ಮತ್ತೊಮ್ಮೆ ಸೋತ ಬಳಿಕ ರಿಂಗಿನ ಜೀವನ ಮುಗಿಯಿತು. 1984ರಲ್ಲಿ ವೈದ್ಯರು ಅವರಿಗೆ ಪಾರ್ಕಿನ್ಸನ್ ಕಾಯಿಲೆಯ ಲಕ್ಷಣಗಳಿವೆಯೆಂದು ತಿಳಿಸಿದರು.

ಯಾರ ಉದ್ದೇಶವೇನೆಂಬುದನ್ನು ಅಲ್ಲಾಹನೇ ಬಲ್ಲನು. ನಾವು ತೀರ್ಪುಗಾರರಲ್ಲ. ಆದರೆ ಎರಡು ಮರಳುವಿಕೆಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಅಂತರ ಸ್ಪಷ್ಟವಾಗುತ್ತದೆ. ಮೊದಲ ಬಿಡುವು ಇತರರು ಹೇರಿದ್ದು, ಅಂದು ಅವರು ಮರಳಿದ್ದು ಕಸಿದುಕೊಂಡ ಹಕ್ಕಿಗೆ. ಆ ಹಾದಿಯಲ್ಲಿ ಅವರು ಸೋಲನ್ನು ಒಪ್ಪಿಕೊಂಡರು, ಕೆಳಗಿನ ಮೆಟ್ಟಿಲಿನಿಂದ ಮತ್ತೆ ಹತ್ತಿದರು, ಬದಲಾದ ದೇಹಕ್ಕೆ ತಕ್ಕ ಬದಲಾದ ವಿದ್ಯೆಯನ್ನು ಕಲಿತರು. ಎರಡನೆಯ ಬಾರಿ ಮೆಟ್ಟಿಲುಗಳೇ ಇರಲಿಲ್ಲ. ಎರಡು ವರ್ಷ ನಿಂತಿದ್ದ ದೇಹವನ್ನು ಕೆಲವು ತಿಂಗಳಲ್ಲಿ ಕಿರೀಟದ ಪಂದ್ಯಕ್ಕೆ ಒಡ್ಡಿದರು. ದೇಹ ಹೇಳಿದ ಮಾತನ್ನು ಮಾತ್ರೆಯಿಂದ, ಬಣ್ಣದಿಂದ ಮರೆಮಾಡಲು ಯತ್ನಿಸಲಾಯಿತು.

ಪ್ರವಾದಿ(ಸ) ಮತ್ತು ಆಯಿಶಾ(ರ) ಅವರ ಓಟದ ಪ್ರಸಂಗ ನಮಗೆಲ್ಲ ತಿಳಿದದ್ದೇ. ಒಂದು ಪ್ರಯಾಣದಲ್ಲಿ ಇಬ್ಬರೂ ಓಡಿದಾಗ ಆಯಿಶಾ(ರ) ಗೆದ್ದರು. ವರ್ಷಗಳ ಬಳಿಕ ಅವರ ಮೈತೂಕ ಹೆಚ್ಚಿದ್ದಾಗ ಮತ್ತೆ ಓಡಿದರು, ಆಗ ಪ್ರವಾದಿ(ಸ) ಗೆದ್ದು, ಅಂದಿನದಕ್ಕೆ ಇಂದಿನದು ಸಮವಾಯಿತೆಂದು ವಿನೋದವಾಗಿ ಹೇಳಿದರು. ಈ ಪ್ರಸಂಗವನ್ನು ನಾವು ದಾಂಪತ್ಯದ ಮಾಧುರ್ಯಕ್ಕೆ ಉದಾಹರಣೆಯಾಗಿ ಹೇಳುತ್ತೇವೆ. ಅದರಲ್ಲಿ ಇನ್ನೊಂದು ಪಾಠವೂ ಇದೆ. ದೇಹ ಬದಲಾಗಿತ್ತು, ಅದನ್ನು ಯಾರೂ ಅವಮಾನವೆಂದು ತಿಳಿಯಲಿಲ್ಲ. ಬದಲಾದ ದೇಹದೊಂದಿಗೇ ಓಡಿದರು, ಫಲಿತಾಂಶವನ್ನು ನಗುತ್ತಾ ಸ್ವೀಕರಿಸಿದರು.

ದುಡಿಮೆಗಾಗಿ, ಕಾಯಿಲೆಯಿಂದಾಗಿ, ಸಂಸಾರದ ಭಾರದಿಂದಾಗಿ ವ್ಯಾಯಾಮ ಬಿಟ್ಟು, ವರ್ಷಗಳ ನಂತರ ಮತ್ತೆ ಆರಂಭಿಸಲು ಹಂಬಲಿಸುವವರು ನಮ್ಮ ನಡುವೆ ಅನೇಕರಿದ್ದಾರೆ. ಅವರಿಗೆ ನಾವು ಹೇಳುವುದಿಷ್ಟೇ: ಇಪ್ಪತ್ತೈದರ ದೇಹವನ್ನು ಹುಡುಕಿಕೊಂಡು ಹೋಗಬೇಡಿ. ಇಂದು ಅಲ್ಲಾಹನು ಕೊಟ್ಟಿರುವ ದೇಹ ಎಲ್ಲಿದೆಯೋ ಅಲ್ಲಿಂದ ಆರಂಭಿಸಿರಿ. ಮೊದಲು ನಡಿಗೆ, ಬಳಿಕ ಓಟ, ಉಸಿರು ಸ್ಥಿರವಾದ ಮೇಲೆ ಉಳಿದದ್ದು. ಕರ್ಮಗಳಲ್ಲಿ ಅಲ್ಪವಾದರೂ ನಿರಂತರವಾಗಿರುವುದೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂಬ ಪ್ರವಾದಿ(ಸ) ಬೋಧನೆ ಆರಾಧನೆಗೆ ಹೇಗೋ ಹಾಗೆ ಈ ಸಾಧನೆಗೂ ದಾರಿದೀಪ. ಕುರ್‌ಆನ್ ಪಾರಾಯಣ ನಿಂತುಹೋದವರು, ತಹಜ್ಜುದ್ ತಪ್ಪಿಹೋದವರು ಮರಳುವಾಗಲೂ ಕ್ರಮ ಇದೇ ಅಲ್ಲವೇ? ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ತುಂಬಿಕೊಳ್ಳಲು ಹೊರಟವರು ಮೂರನೆಯ ರಾತ್ರಿ ದಣಿದು ನಿದ್ರಿಸುತ್ತಾರೆ.

1996ರಲ್ಲಿ ಅಟ್ಲಾಂಟಾದಲ್ಲಿ ಒಲಿಂಪಿಕ್ಸ್ ನಡೆದಾಗ ಕ್ರೀಡಾಜ್ಯೋತಿಯನ್ನು ಬೆಳಗಿಸಿದವರು ಅಲಿ. ಅವರು ಮೊದಲ ಸಲ ರಿಂಗಿಗೆ ಮರಳಿದ ಊರು ಅದೇ. ಕೈ ನಡುಗುತ್ತಿತ್ತು, ಜ್ಯೋತಿ ಮಾತ್ರ ಕೆಳಗೆ ಬೀಳಲಿಲ್ಲ. ಆ ನಡುಕವನ್ನು ಅವರು ಜಗತ್ತಿನಿಂದ ಬಚ್ಚಿಡಲಿಲ್ಲ. 2016ರ ಜೂನ್ 3ರಂದು ಅವರು ಇಹಲೋಕವನ್ನು ತೊರೆದರು. ಜೂನ್ 9ರಂದು ಅವರ ಹುಟ್ಟೂರಾದ ಲೂಯಿವಿಲ್‌ನಲ್ಲಿ ಸಾವಿರಾರು ಜನರು ಜನಾಝಾ ನಮಾಝ್‌ಗೆ ಸಾಲುಗಟ್ಟಿ ನಿಂತರು. ಎಲ್ಲ ಮರಳುವಿಕೆಗಳ ಕೊನೆಯಲ್ಲಿ ನಾವೆಲ್ಲರೂ ಮರಳಬೇಕಾದದ್ದು ಅವನೆಡೆಗೇ. ಅಲ್ಲಾಹನು ಅವರ ತಪ್ಪುಗಳನ್ನು ಮನ್ನಿಸಲಿ, ಅವರ ಸಹನೆಗೆ ಪ್ರತಿಫಲ ನೀಡಲಿ. ನಮಗೆ ಕೊಟ್ಟಿರುವ ದೇಹವೆಂಬ ಅಮಾನತನ್ನು ಕಾಪಾಡಿಕೊಂಡು, ಅವನು ಮೆಚ್ಚುವ ಕಾರ್ಯಗಳಲ್ಲಿ ಬಳಸುವ ಭಾಗ್ಯವನ್ನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.